ರೊಟ್ಟಿಯ ಸೈಕಲ್ಲಿಗೆ ಹೂವು ನೆಟ್ಟವರಿಗೆ

ನದಿ ಕಣಿವೆ ಉದ್ಯಾನದ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಉದ್ಯಾನದ ಮುಖ್ಯ ದ್ವಾರದಲ್ಲಿ, 'ಸೆಲ್ಫಿ ಪಾಯಿಂಟ್' ಎಂದು ಬರೆದ ಕಮಾನಿನ ಕೆಳಗೆ, ಒಂದು ಸೈಕಲ್ ನಿಂತಿದೆ. ಅದಕ್ಕೆ ಬಿಳಿ ಬಣ್ಣ ಬಳಿದಿದ್ದೀರಿ. ಹಿಂದಿನ ಕ್ಯಾರಿಯರಿನ ಮೇಲಿರುವ ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಮಣ್ಣು ತುಂಬಿ ಗುಲಾಬಿ ಬಣ್ಣದ ಹೂವಿನ ಸಸಿ ನೆಟ್ಟಿದ್ದೀರಿ. ಎರಡೂ ಗಾಲಿಗಳನ್ನು ಪಟ್ಟಿ ಹಾಕಿ ಸಿಮೆಂಟಿನ ಕಟ್ಟೆಗೆ ನಟ್ಟು ಬೋಲ್ಟಿನಿಂದ ಬಿಗಿದಿದ್ದೀರಿ. ರವಿವಾರ ಬಂತೆಂದರೆ ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಜನ ಸಾಲು ಹಚ್ಚುತ್ತಾರೆ. ಆ ಸೈಕಲ್ ನಿಮ್ಮದಲ್ಲ. ಅದು ಹಳ್ಳದ ದಂಡೆಯ ಓಣಿಯಲ್ಲಿ ರೊಟ್ಟಿ ಬಡಿದು ಬದುಕುವ ಉಡಚವ್ವನದು. ಅದನ್ನು ಬಿಚ್ಚಿ ಆಕೆಗೆ ಮರಳಿ ಕೊಡಿ ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಬಂದು ಕೇಳಿದ್ದಾಯಿತು, ನಿಮ್ಮ ಮೇಜಿನ ಮುಂದೆ ನಿಂತು ಕೇಳಿದ್ದಾಯಿತು. ಊರ ಮುಂದೆ ಕೇಳುವುದೊಂದು ಬಾಕಿ ಇತ್ತು, ಅದನ್ನು ಈಗ ಮಾಡುತ್ತಿದ್ದೇನೆ.

ನಾನು ಮಾಳಮಡ್ಡಿಯವಳು. ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕಿಯಾಗಿ ನಿವೃತ್ತಳಾದವಳು. ಟಿಪ್ಪಣಿ ಬರೆಯುವುದು, 'ಪರಿಶೀಲಿಸಿ ಮಂಡಿಸಿ' ಎಂದು ಗೀಚಿ ಕಡತವನ್ನು ಪಕ್ಕದ ಮೇಜಿಗೆ ದಾಟಿಸುವುದು, ಬಂದವರನ್ನು ನಾಳೆ ಬನ್ನಿ ಎಂದು ಸಾಗಹಾಕುವುದು, ಈ ಕಲೆಗಳೆಲ್ಲ ನನಗೂ ಗೊತ್ತು. ಹೀಗಾಗಿ ಕಚೇರಿಯ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ನನ್ನ ಮುಂದೆ ಆಡಬೇಡಿ. ನಿವೃತ್ತಿಯಾದ ಮೇಲೆ ಮೈಯಲ್ಲಿ ಸಕ್ಕರೆ ಏರಿತು. "ಫೇಡೆ ಬಿಡ್ರಿ, ಸೈಕಲ್ ಹೊಡೀರಿ. ಎರಡರಾಗ ಒಂದರ ಮಾಡ್ರಿ" ಅಂದರು ನಮ್ಮ ಡಾಕ್ಟರು. ಧಾರವಾಡದಲ್ಲಿ ಹುಟ್ಟಿದವಳಿಗೆ ಮೊದಲನೆಯದು ಆಗುವ ಮಾತಲ್ಲ. ಗೇರಿನ ಸೈಕಲ್ ಕೊಂಡೆ, ಹೆಲ್ಮೆಟ್ ಹಾಕಿದೆ, ಓಣಿಯವರೆಲ್ಲ ನಕ್ಕು ಮುಗಿಸುವ ತನಕ ಕಾದು, ಆಮೇಲೆ ನಿಮ್ಮ ಉದ್ಯಾನಕ್ಕೆ ಬರಲು ಶುರು ಮಾಡಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಉಡಚವ್ವ ನನ್ನ ಚಿಗವ್ವನ ಮಗಳು, ವರಸೆಯಲ್ಲಿ ತಂಗಿ. ಸ್ವಜನ ಪಕ್ಷಪಾತ ಎಂದು ಈ ಪತ್ರದ ಅಂಚಿನಲ್ಲಿ ನೀವು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಬಹುದು. ನನ್ನದೇನೂ ತಕರಾರಿಲ್ಲ.

ಉದ್ಯಾನ ಚೆನ್ನಾಗಿದೆ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಾವು ಹುಟ್ಟಿದಾಗಿನಿಂದ ಹಳ್ಳ ಎಂದು ಕರೆಯುತ್ತಿದ್ದುದನ್ನು ನೀವು ನದಿ ಎಂದಿರಿ. ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದು ಮೇಲಿನ ಬಡಾವಣೆಗಳ ಬಚ್ಚಲ ನೀರು ಎಂಬುದನ್ನು ಮರೆತರೆ ಆ ಹೆಸರೂ ಒಪ್ಪುತ್ತದೆ. ಹಳ್ಳದ ಆಚೆ ದಿನ್ನೆ, ದಿನ್ನೆಯ ನೆತ್ತಿಯ ಮೇಲೆ ಬೇವಿನ ಮರ, ಮರದ ಬುಡದಲ್ಲಿ ಸುತ್ತಲಿನ ಹೊಲದವರು ಪೂಜಿಸುವ ಕಲ್ಲಿನ ಬಸವಣ್ಣ. ಈ ದಿನ್ನೆಯನ್ನು ಬಳಸಿ ನೀವು ಡಾಂಬರು ದಾರಿ ಮಾಡಿಸಿದಿರಿ. 'ಮಧ್ಯಮ ಶ್ರಮದ ಸೈಕಲ್ ವರ್ತುಲ' ಎಂದು ಬೋರ್ಡು ಹಾಕಿಸಿದಿರಿ. ಬೆಳಗಿನ ಹೊತ್ತು ನವಿಲು ಕೂಗುತ್ತವೆ, ಮಳೆ ಬಿದ್ದ ಮರುದಿನ ಕೆಮ್ಮಣ್ಣಿನ ವಾಸನೆ ಬರುತ್ತದೆ. ನನ್ನ ಸಕ್ಕರೆ ಇಳಿಯಿತು, ಡಾಕ್ಟರ ಮುಖ ಅರಳಿತು. ನಿಮಗೆ ಮನಸ್ಸಿನಲ್ಲೇ ಎಷ್ಟೋ ಸಲ ಒಳ್ಳೆಯದನ್ನು ಹಾರೈಸಿದ್ದೇನೆ. ಆ ಹಾರೈಕೆಗಳನ್ನೆಲ್ಲ ಈಗ ವಾಪಸು ಪಡೆಯುತ್ತಿದ್ದೇನೆ.

ಆದರೆ ಆ ದಾರಿ ನೀವು ಹುಟ್ಟಿಸಿದ್ದಲ್ಲ. ನಿಮ್ಮ ಡಾಂಬರಿನ ಕೆಳಗೆ ಹಳೆಯ ಚಕ್ಕಡಿ ದಾರಿ ಇದೆ. ಹಳ್ಳದ ಓಣಿಯವರು ಲಕಮನಹಳ್ಳಿಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ. ಈಗ ನಿಮ್ಮ ಮುಖ್ಯ ದ್ವಾರ ಇರುವ ಜಾಗದಿಂದ ಹೊರಟು, ಹಳ್ಳದ ಗುಂಟ ಸಮತಟ್ಟಾದ ದಾರಿಯಲ್ಲಿ ಹೋದರೆ, ಎಲೆ ಅಡಿಕೆ ಅಗಿದು ಮುಗಿಸುವುದರೊಳಗೆ ಹಿಂದಿನ ಗೇಟು ಬರುತ್ತದೆ. ಅದನ್ನು ದಾಟಿದರೆ ಲಕಮನಹಳ್ಳಿ. ಹೀಗೆ ಹೋಗುವಾಗ ದಿನ್ನೆಯ ಬಸವಣ್ಣ ಎಡಗೈಗೆ ಬರುತ್ತಾನೆ. ಅಷ್ಟೇ. ಅಪರಾಧ ನಡೆದದ್ದು ಇಷ್ಟರಲ್ಲೇ.

ಉದ್ಘಾಟನೆಯ ದಿನ ನಾನೂ ಅಲ್ಲಿದ್ದೆ. ನಾನು ಮತ್ತು ನನ್ನ ಸೈಕಲ್ ಗೆಳತಿ ಸೌಮ್ಯಾ, ಅರಳೆ ವ್ಯಾಪಾರದ ಮನೆತನದ ಸೊಸೆ, ನಮ್ಮಿಬ್ಬರನ್ನೂ 'ಮಹಿಳಾ ಸೈಕಲ್ ಸವಾರರು' ಎಂದು ಕರೆಸಿ ಬಿಸಿಲಲ್ಲಿ ನಿಲ್ಲಿಸಿದ್ದಿರಿ. ಮುಖ್ಯ ಅತಿಥಿಗಳು ಸೈಕಲ್ ಏರಿ ಹಳ್ಳದ ಕಡೆಗೆ ಹ್ಯಾಂಡಲ್ ತಿರುಗಿಸಿದರು. ರಿಬ್ಬನ್ನೂ ಆ ಕಡೆಗೇ ಕಟ್ಟಿತ್ತು. ನಿಮ್ಮ ಇಂಜಿನಿಯರು ದಾರಿಯನ್ನು ರೂಪಿಸಿದ್ದೂ ಹಾಗೆಯೇ. ಮೊದಲು ಹಳ್ಳದ ಗುಂಟ ಸಮತಟ್ಟು, ಆಮೇಲೆ ದಿನ್ನೆಯ ಬೆನ್ನ ಮೇಲೆ ನಿಧಾನವಾಗಿ ಏರು, ಕಡೆಗೆ ಕಡಿದಾದ ಇಳಿಜಾರಿನಲ್ಲಿ ಮುಖ್ಯ ದ್ವಾರಕ್ಕೆ ವಾಪಸು. ಅಷ್ಟರಲ್ಲಿ ತಾವು ಓಡಿ ಬಂದಿರಿ. ಓಡಿ ಬಂದವರು ತಾವೇ, ನಾನು ಕಣ್ಣಾರೆ ಕಂಡಿದ್ದೇನೆ. "ಸರ್, ಈ ಕಡೆಯಿಂದ ಬರಬೇಕು. ಮೇಲೆ ದೇವರಿದ್ದಾನೆ, ದೇವರು ಬಲಕ್ಕೆ ಬರಲಿ, ಶುಭಕಾರ್ಯ" ಎಂದಿರಿ. ರಿಬ್ಬನ್ನನ್ನು ಬಿಚ್ಚಿ ಆಚೆ ಕಡೆಗೆ ಕಟ್ಟಲಾಯಿತು. ಮುಖ್ಯ ಅತಿಥಿಗಳು ಕಡಿದಾದ ಏರಿನಲ್ಲಿ ನಾಲ್ಕು ತುಳಿತ ತುಳಿದು, ಬೆವರು ಒರೆಸಿಕೊಂಡು, ಕೆಳಗಿಳಿದು ಕಾರಿನಲ್ಲಿ ಹೋದರು. ಅವರು ಹೋದರು, ಆದರೆ ದಿಕ್ಕು ಉಳಿಯಿತು. ವಾರದೊಳಗೆ ಬೋರ್ಡು ಬಂತು: 'ಏಕಮುಖ ಸಂಚಾರ. ಪ್ರದಕ್ಷಿಣಾಕಾರವಾಗಿ ಮಾತ್ರ ಚಲಿಸತಕ್ಕದ್ದು.'

ಪ್ರದಕ್ಷಿಣೆಯ ಮೇಲೆ ನನಗೆ ಸಿಟ್ಟಿಲ್ಲ. ನಾವು ಬೌದ್ಧರು, ನಾವೂ ಸ್ತೂಪವನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತೇವೆ. ಭಕ್ತಿ ಇದ್ದವರು ಭಕ್ತಿಯಿಂದ ಸುತ್ತಲಿ. ಆದರೆ ರಸ್ತೆಯ ನಿಯಮವನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ? ಇಳಿಜಾರು ನೋಡಿಯೇ, ತಿರುವು ನೋಡಿಯೇ, ಅಥವಾ ಗಣ್ಯರೊಬ್ಬರು ಒಂದು ಬೆಳಿಗ್ಗೆ ನಾಲ್ಕು ತುಳಿತ ತುಳಿದ ದಿಕ್ಕು ನೋಡಿಯೇ? ಇನ್ನೂ ಸೊಗಸೇನೆಂದರೆ ನಿಯಮ ತಿರುಗಿತು, ಎಚ್ಚರಿಕೆಯ ಫಲಕಗಳು ತಿರುಗಲಿಲ್ಲ. ಅವು ಮೊದಲಿನ ದಿಕ್ಕಿನಲ್ಲಿ ಬರುವವರಿಗಾಗಿ ಮುಖ ಮಾಡಿಕೊಂಡು ನಿಂತಿವೆ, ಈಗ ನಮಗೆಲ್ಲ ಬೆನ್ನು ತೋರಿಸುತ್ತವೆ. ಮೋರಿಯ ಹತ್ತಿರದ ಕುರುಡು ತಿರುವಿನಲ್ಲಿ ಸೌಮ್ಯಾ ಜಾರಿಬಿದ್ದು ಮೊಣಕೈ ಕೆತ್ತಿಸಿಕೊಂಡಳು. ನೆಲದ ಮೇಲೆ ಕೂತು ಹಿಂದೆ ತಿರುಗಿ ನೋಡಿದರೆ, ಬಿದ್ದ ಜಾಗದಿಂದ ಒಂದು ಫಲಕ ಚೆನ್ನಾಗಿ ಓದಲು ಬರುತ್ತಿತ್ತಂತೆ: 'ಮುಂದೆ ಅಪಾಯಕಾರಿ ತಿರುವು.' ಫಲಕಗಳನ್ನು ತಿರುಗಿಸಿ ಎಂದು ಅರ್ಜಿ ಕೊಟ್ಟೆವು. ಅಂದಾಜು ಪಟ್ಟಿಗೆ ಮೇಲಿನಿಂದ ಮಂಜೂರಾತಿ ಬರಬೇಕು ಎಂದಿರಿ. ಮಂಜೂರಾತಿ ಇನ್ನೂ ಮೇಲೆಯೇ ಇದೆ.

ನಾನು ಮತ್ತು ಸೌಮ್ಯಾ ಹೊಟ್ಟೆ ತುಂಬಿದವರು. ನಮಗೆ ಏರು ಮೊದಲು ಬಂದರೇನು, ಕಡೆಗೆ ಬಂದರೇನು? ಬೆವರು ಹರಿಸಲೆಂದೇ ಬಂದವರು, ಎರಡು ಸಲ ಬೈದುಕೊಂಡು ಹತ್ತುತ್ತೇವೆ. ಆದರೆ ಉಡಚವ್ವ ಅಲ್ಲಿಗೆ ಬೆವರು ಹರಿಸಲು ಬರುವವಳಲ್ಲ. ಆಕೆ ಒಲೆಯ ಮುಂದೆ ಅದನ್ನು ಮುಗಿಸಿಯೇ ಬಂದಿರುತ್ತಾಳೆ.

ಆಕೆಯ ಕೆಲಸ ಏನೆಂದು ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ಕೇಳಲಿಲ್ಲ. ಗಂಡ ರಾಮಪ್ಪ ತೀರಿಕೊಂಡ ಮೇಲೆ ಉಡಚವ್ವ ಮನೆಯಲ್ಲೇ ರೊಟ್ಟಿ ಬಡಿದು, ಲಕಮನಹಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಒಯ್ದು ಕೊಡತೊಡಗಿದಳು. ಜೋಳದ ಬಿಸಿ ರೊಟ್ಟಿ, ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ. ಬಿಸಿ ರೊಟ್ಟಿ ಎಂದರೆ ಬಿಸಿಯಾಗಿಯೇ ಇರಬೇಕು. ಒಲೆಯಿಂದ ಇಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಊಟದ ಗಂಟೆ ಹೊಡೆಯುವ ಮೊದಲು ಮುಟ್ಟಿಸಬೇಕು. ತಡವಾದರೆ ಬಿರುಸಾಗಿ ತೊಗಲಿನಂತೆ ಎಳೆಯುತ್ತದೆ, ಕಾರ್ಮಿಕರು ತಟ್ಟೆ ಸರಿಸುತ್ತಾರೆ. ಇದಕ್ಕಾಗಿ ಆಕೆ ಐವತ್ತರ ಹತ್ತಿರ ಬಂದ ವಯಸ್ಸಿನಲ್ಲಿ ಸೈಕಲ್ ಕಲಿತಳು. ಮಗಳು ಕರುಣಾಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಅದು. ಮಗಳೇ ಹಿಂದೆ ಸೀಟು ಹಿಡಿದು ಓಡಿ ತಾಯಿಗೆ ಕಲಿಸಿದಳು. ಹೊಸಯಲ್ಲಾಪುರದ ಗ್ಯಾರೇಜಿನಲ್ಲಿ ಅಹಮದಸಾಬರು ಕ್ಯಾರಿಯರಿನ ಮೇಲೆ ರೊಟ್ಟಿಯ ಬುಟ್ಟಿ ಕೂರುವಷ್ಟು ಅಗಲದ ತಟ್ಟೆಯನ್ನು ವೆಲ್ಡಿಂಗ್ ಮಾಡಿ ಕೊಟ್ಟರು, ಬುಟ್ಟಿ ಜಾರದಂತೆ ನಾಲ್ಕೂ ಮೂಲೆಗೆ ಕೊಕ್ಕೆ ಇಟ್ಟರು. ಈಗ ನಿಮ್ಮ ಹೂವಿನ ಮಣ್ಣು ಚೆಲ್ಲದೆ ನಿಂತಿರುವುದು ಆ ತಟ್ಟೆಯ ಮೇಲೆ. ಕರುಣಾ ಇವತ್ತು ನರ್ಸಿಂಗ್ ಓದುತ್ತಿದ್ದಾಳೆ. ಆ ಓದು ನಡೆದಿರುವುದೂ ಆ ತಟ್ಟೆಯ ಮೇಲೆಯೇ.

ನಿಮ್ಮ ಪ್ರದಕ್ಷಿಣೆಯ ಬೋರ್ಡು ಬಂದ ಮೇಲೆ ಆಕೆ ಜಗಳವಾಡಲಿಲ್ಲ. ಬುಟ್ಟಿ ಹೇರಿದ ಸೈಕಲ್ಲನ್ನು ಕಡಿದಾದ ಏರಿನಲ್ಲಿ ತಳ್ಳಿಕೊಂಡು ಹತ್ತಿ, ದಿನ್ನೆಯನ್ನು ಪೂರ್ತಿ ಸುತ್ತಿ, ಆಚೆ ಇಳಿದು, ಹಿಂದಿನ ಗೇಟು ಮುಟ್ಟುತ್ತಿದ್ದಳು. ವಾಪಸು ಬರುವಾಗ, ಬುಟ್ಟಿ ಖಾಲಿ ಇದ್ದಾಗ, ಹಳ್ಳದ ಗುಂಟದ ಹತ್ತಿರದ ದಾರಿ ಆಕೆಗೆ ಮುಕ್ತ. ಭಾರ ಇದ್ದಾಗ ಸುತ್ತು, ಭಾರ ಇಲ್ಲದಾಗ ನೇರ. ಇಂಥ ನಿಯಮವನ್ನು ಬೇಕೆಂದೇ ಕೂತು ಯೋಚಿಸಿದರೂ ಮಾಡಲಾಗದು. ಅದು ನಿಮ್ಮಂಥವರ ಕೈಯಿಂದ ತಾನಾಗಿಯೇ ಆಗಿಬಿಡುತ್ತದೆ. ಬೈಪಾಸ್ ಮೇಲೆ ಹೋಗಬಹುದಿತ್ತಲ್ಲ ಎಂದು ಆಮೇಲೆ ನೀವು ಕೇಳಿದಿರಿ. ಆ ಲಾರಿಗಳ ನಡುವೆ ನಿಮ್ಮ ಮನೆಯವರನ್ನು ಸೈಕಲ್ ಮೇಲೆ ಕಳಿಸುತ್ತೀರಾ? ನಮ್ಮ ಜನರ ಹೆಣ್ಣುಮಕ್ಕಳನ್ನು ದೇವರ ಸುತ್ತ ಸುತ್ತಲು ಹಿಂದಿನವರು ಬಿಟ್ಟಿರಲಿಲ್ಲ. ನೀವು ಅದನ್ನೇ ಕಡ್ಡಾಯ ಮಾಡಿದಿರಿ, ಅದೂ ಸೈಕಲ್ ತುಂಬ ರೊಟ್ಟಿಯ ಹೇರಿನ ಜೊತೆಗೆ. ಇದನ್ನು ಪ್ರಗತಿ ಎನ್ನಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ.

ಒಂದು ದಿನ ಹಿಟ್ಟು ಹದಕ್ಕೆ ಬರದೆ ತಡವಾಯಿತು. ಉಡಚವ್ವ ಹಳ್ಳದ ಗುಂಟ, ಹತ್ತಿರದ ದಾರಿಗೆ ಸೈಕಲ್ ಬಿಟ್ಟಳು. ಹಿಂದಿನ ಗೇಟಿನಲ್ಲಿ ನಿಮ್ಮ ಕಾವಲುಗಾರ ನವಾಜ ಸೀಟಿ ಊದಿದ. ಮುಂದೆ ನಡೆದದ್ದನ್ನು ಇಬ್ಬರೂ ನನಗೆ ಒಂದೇ ರೀತಿ ಹೇಳಿದ್ದಾರೆ.

"ಅವ್ವಾರ, ಈ ಕಡಿಂದ ಬಿಡಂಗಿಲ್ರಿ. ಪ್ರದಕ್ಷಿಣಿ ಹಾಕ್ಕೊಂಡ ಬರಬೇಕಂತ ಸಾಹೇಬ್ರ ಆರ್ಡರ್ ಐತ್ರಿ."

"ಯಪ್ಪಾ, ನಾ ದೇವರಿಗೆ ಹೊಂಟಿಲ್ಲೋ, ಕ್ಯಾಂಟೀನಿಗೆ ಹೊಂಟೇನಿ. ರೊಟ್ಟಿ ಆರಾಕತ್ತಾವು."

"ನನಗೂ ತಿಳೀತೈತ್ರಿ ಅವ್ವಾರ. ನಾನೇನ್ ಪ್ರದಕ್ಷಿಣಿ ಹಾಕಾಂವಲ್ಲ, ಬಿಡಾಂವಲ್ಲ. ಕಂತ್ರಾಟ ನೌಕ್ರಿ ನಂದು. ಒಳಗ ಸಾಹೇಬ್ರು ಅದಾರ, ಕ್ಯಾಮರಾದಾಗ ನೋಡಾಕತ್ತಾರ. ಸೈಕಲ್ ಇಲ್ಲೇ ಇಡ್ರಿ, ಬುಟ್ಟಿ ಹೊತ್ಕೊಂಡ ಲಗೂ ಹೋಗಿ ಬರ್ರಿ. ನಡಕೊಂಡ ಹೋಗೋರಿಗೆ ರೂಲ್ ಇಲ್ರಿ. ಸಂಜಿಗೆ ಸೈಕಲ್ ಒಯ್ರಿ."

ಆಕೆ ಬುಟ್ಟಿ ತಲೆಯ ಮೇಲೆ ಹೊತ್ತು ಹೋದಳು. ಸಂಜೆ ಬಂದಾಗ ಸೈಕಲ್ ನಿಮ್ಮ ಕಚೇರಿಯ ಹಿಂದಿನ ಕೋಣೆ ಸೇರಿತ್ತು. ನಿಯಮ ಮುರಿದ ವಾಹನ, ಸಾಹೇಬರು ಬಂದ ಮೇಲೆ ಬಿಡುತ್ತಾರೆ ಎಂದರು ಒಳಗಿನವರು. ಸಾಹೇಬರು ಸಭೆಯಲ್ಲಿದ್ದರು. ಮರುದಿನವೂ ಸಭೆಯಲ್ಲಿದ್ದರು. ಆಕೆ ಬಂದು ಬಂದು ಗೇಟಿನ ಹತ್ತಿರ ನಿಂತು ಹೋಗುತ್ತಿದ್ದಳು. ನವಾಜ ಎರಡು ಸಲ ಒಳಗೆ ಹೋಗಿ ಹೇಳಿ ಬೈಸಿಕೊಂಡು ಬಂದ. ನನಗೆ ಇದಾವುದೂ ಗೊತ್ತಿರಲಿಲ್ಲ. ನಮ್ಮ ಉಡಚವ್ವ ಕಷ್ಟ ಹೇಳಿಕೊಂಡು ಮಾಳಮಡ್ಡಿಗೆ ಬರುವ ಪೈಕಿ ಅಲ್ಲ.

ಅಷ್ಟರಲ್ಲಿ ಸುಂದರ ಉದ್ಯಾನದ ಪ್ರಶಸ್ತಿಗೆ ತಪಾಸಣೆ ತಂಡ ಬರುವುದೆಂದು ಸುದ್ದಿ ಬಂತು, ತಾವು ಹಿಂದಿನ ಕೋಣೆಗೆ ಕಣ್ಣಾಡಿಸಿದಿರಿ. ಹಳೆಯ ಸೈಕಲ್, ವಿಚಿತ್ರ ತಟ್ಟೆ. ಕಸದಿಂದ ಕಲೆ ಎಂಬ ಮಾತನ್ನು ಎಲ್ಲೋ ತರಬೇತಿಯಲ್ಲಿ ಕೇಳಿದ್ದಿರಿ. ಬಣ್ಣದವನನ್ನು ಕರೆಸಿದಿರಿ. ತಂಡ ಬಂತು, ಮೆಚ್ಚಿತು, ಫೋಟೋ ತೆಗೆಸಿಕೊಂಡು ಹೋಯಿತು. ನಾನೂ ಸೌಮ್ಯಾಳೂ ಆ ರವಿವಾರ ಬಂದಾಗ ಸೌಮ್ಯಾ ಆಸೆಪಟ್ಟು ಅದರ ಪಕ್ಕ ನಿಂತಳು. "ಒಂದ್ ಫೋಟೋ ಹೊಡಿ ಯಶೋಧರಾ, ಹೂ ಕಾಣಂಗ" ಎಂದಳು. ಫೋನು ಎತ್ತಿ ನೋಡುತ್ತೇನೆ, ಹೂವಿನ ಸಂದಿಯಲ್ಲಿ ತಟ್ಟೆಯ ಕೊಕ್ಕೆ ಕಾಣಿಸಿತು. ಅಹಮದಸಾಬರ ಗ್ಯಾರೇಜಿಗೆ ಉಡಚವ್ವನ ಜೊತೆ ಹೋದವಳು ನಾನೇ. ಹತ್ತಿರ ಹೋಗಿ ಗಂಟೆಯ ಮೇಲಿನ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದೆ. ಕರುಣಾ ಶಾಲೆಗೆ ಹೋಗುವಾಗ ಅಂಟಿಸಿದ್ದ ಹಳದಿ ಚಿಟ್ಟೆಯ ಸ್ಟಿಕ್ಕರ್ ಕೆಳಗೆ ಇತ್ತು. ಸಿಟ್ಟು ಆಮೇಲೆ ಬಂತು, ಮೊದಲು ಬಂದದ್ದು ಹೇಸಿಗೆ.

ಉಡಚವ್ವನನ್ನು ಕರೆತಂದೆ. ಆಕೆ ಬಗ್ಗಿ ಚೈನು ಮುಟ್ಟಿ ನೋಡಿದಳು. "ಅಕ್ಕಾ, ಚೈನಿಗೂ ಬಣ್ಣಾ ಹಚ್ಚ್ಯಾರ ನೋಡ. ಇನ್ನ ಅದು ತಿರಗತೈತೇನ?" ಎಂದಳು. ನಮ್ಮ ಹಿಂದೆ ಒಂದು ಸಂಸಾರ ಫೋಟೋಕ್ಕೆ ಕಾಯುತ್ತಿತ್ತು, ಸ್ವಲ್ಪ ಸರಿಯಿರಿ ಎಂದರು, ಸರಿದೆವು.

ನಿಮ್ಮ ಕಚೇರಿಗೆ ಬಂದೆವು. ಅವತ್ತು ನೀವು ಸಭೆಯಲ್ಲಿರಲಿಲ್ಲ, ಅದು ನಮ್ಮ ಪುಣ್ಯ. ನನಗೆ ಕುರ್ಚಿ ತೋರಿಸಿದಿರಿ, ಆಕೆಗೆ ತೋರಿಸಲಿಲ್ಲ. ಅದಕ್ಕೆ ನಾನೂ ನಿಂತೇ ಮಾತಾಡಿದೆ. ನಿಮಗೆ ಅದು ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಜಪ್ತಿ ಮಾಡಿದ ಸೈಕಲ್ ಮರಳಿ ಕೊಡಿ ಎಂದೆ. ಜಪ್ತಿ ಆಗಿದೆ ಎಂಬುದಕ್ಕೆ ದಾಖಲೆ ಎಲ್ಲಿದೆ ಎಂದಿರಿ. ನೀವೇ ಮಾಡಿಲ್ಲ ಎಂದೆ. ದಾಖಲೆ ಇಲ್ಲವೆಂದರೆ ಜಪ್ತಿ ಆಗಿಲ್ಲ, ಜಪ್ತಿಯೇ ಆಗದ ವಸ್ತುವನ್ನು ಬಿಡುಗಡೆ ಮಾಡುವುದು ಹೇಗೆ ಎಂದು ಕೇಳಿದಿರಿ. ಹಾಗಾದರೆ ಆ ಸೈಕಲ್ ನಿಮ್ಮಲ್ಲಿಗೆ ಬಂದದ್ದು ಹೇಗೆ ಎಂದರೆ, ವಾರಸುದಾರರಿಲ್ಲದ ವಸ್ತುವಾಗಿ ಪತ್ತೆಯಾಗಿದೆ ಎಂದಿರಿ. ವಾರಸುದಾರಳು ನಿಮ್ಮ ಮುಂದೆ ನಿಂತಿದ್ದಾಳೆ ಎಂದೆ. ಆಗ ನೀವು ಮೊದಲ ಸಲ ಆಕೆಯ ಕಡೆಗೆ ನೋಡಿ, ಮತ್ತೆ ನನ್ನ ಕಡೆಗೇ ತಿರುಗಿ ಹೇಳಿದಿರಿ: "ಮೇಡಂ, ನೀವು ವಿದ್ಯಾವಂತರು. ಈಗ ಅದು ಕಲಾಕೃತಿ, ಸಾರ್ವಜನಿಕ ಆಸ್ತಿ. ಪ್ರಶಸ್ತಿಯ ಫೋಟೋದಲ್ಲೂ ಇದೆ. ತೆಗೆದರೆ ನಾಳೆ ಆಕ್ಷೇಪಣೆ ಬರುತ್ತದೆ. ಬೇಕಾದರೆ ಕೆಳಗೆ ಒಂದು ಫಲಕ ಹಾಕಿಸೋಣ. ಕೊಡುಗೆ: ಶ್ರೀಮತಿ ಉಡಚವ್ವ, ಅಂತ."

ನಾನು ನೌಕರಿಯಲ್ಲಿ ಬಹಳ ನೋಡಿದ್ದೇನೆ. ಲಂಚ ತಿಂದವರನ್ನು, ಕಡತ ನುಂಗಿದವರನ್ನು, ಬಡವರನ್ನು ಬೈದು ಕಳಿಸಿದವರನ್ನು ನೋಡಿದ್ದೇನೆ. ಕಸಿದುಕೊಂಡದ್ದಕ್ಕೆ ಕಳೆದುಕೊಂಡವಳ ಹೆಸರಿನಲ್ಲೇ ದಾನದ ಫಲಕ ಹಾಕಿಸುತ್ತೇನೆ ಎಂದವರನ್ನು ನೋಡಿದ್ದು ಇದೇ ಮೊದಲು. ಅದನ್ನು ನೀವು ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಇಷ್ಟು ಅಸಹ್ಯ ಆಗುತ್ತಿರಲಿಲ್ಲ. ನೀವು ಉದಾರವಾಗಿ ಹೇಳಿದಿರಿ. ಉಪಕಾರ ಮಾಡುತ್ತಿದ್ದೇನೆ ಎಂಬ ಕಳೆ ನಿಮ್ಮ ಮುಖದಲ್ಲಿತ್ತು.

ಉಡಚವ್ವ ನನ್ನನ್ನು ಸರಿಸಿ ಮೇಜಿನ ಹತ್ತಿರ ಬಂದಳು. "ಹೆಸರ ಬ್ಯಾಡ್ರಿ ಸಾಹೇಬ್ರ. ಸೈಕಲ್ ಕೊಡ್ರಿ. ಹೂವಿಗೆ ಬೇಕಾದ್ರ ನಾ ಒಂದ್ ಎಣ್ಣಿ ಡಬ್ಬಿ ತಂದ ಕೊಡ್ತೇನ್ರಿ, ಅದರಾಗ ಛಲೋ ಬೆಳೀತಾವು." ನೀವು ನಕ್ಕಿರಿ. ಏಕೆ ನಕ್ಕಿರಿ? ತನ್ನ ಸೈಕಲ್ ಕಳೆದುಕೊಂಡವಳು ನಿಮ್ಮ ಹೂವಿಗೆ ಜಾಗ ಹುಡುಕುತ್ತಿದ್ದಳು. ನಿಮ್ಮ ಇಡೀ ಕಚೇರಿಯಲ್ಲಿ ಅವತ್ತು ಯಾರಾದರೂ ಯಾರ ಬಗ್ಗೆಯಾದರೂ ಯೋಚಿಸಿದ್ದರೆ ಅದು ಆಕೆ ಒಬ್ಬಳೇ.

ನಿಮ್ಮ ನಿಯಮಕ್ಕೆ ಮೂಲವಾದ ಆ ಬಸವಣ್ಣನನ್ನಾದರೂ ಒಂದು ಮಾತು ಕೇಳೋಣ ಎಂದು ದಿನ್ನೆ ಹತ್ತಿದೆ. ಅಲ್ಲಿ ಪಕ್ಕದ ಹೊಲದ ಯಜಮಾನರಾದ ಫಕೀರಪ್ಪನವರು ಸಿಕ್ಕರು. ಅವರ ಮನೆಯವರೇ ತಲೆಮಾರಿನಿಂದ ಆ ಬಸವಣ್ಣನ ಪೂಜೆ ಮಾಡಿಕೊಂಡು ಬಂದವರು. ಪ್ರದಕ್ಷಿಣೆಯ ಬೋರ್ಡಿನ ಸಂಗತಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಗಳೇದ ಎತ್ತ ಬಲಕ್ಕ ಬರ್ತಾವೋ ಎಡಕ್ಕ ಬರ್ತಾವೋ ಅಂತ ನಮ್ಮ ಬಸವಣ್ಣ ಎಂದೂ ನೋಡಿಲ್ಲವಾ ತಂಗಿ. ತಾನೂ ಎತ್ತ ಅದಾನಲ್ಲ, ಹೇರಿನ ತ್ರಾಸ ಗೊತ್ತೈತಿ ಅವಂಗ" ಎಂದರು. ಅಂದರೆ ದೇವರ ಕಡೆಯಿಂದ ಆಕ್ಷೇಪಣೆ ಇಲ್ಲ. ಇಂಜಿನಿಯರ ನಕ್ಷೆಯ ಕಡೆಯಿಂದ ಇಲ್ಲ. ಎಚ್ಚರಿಕೆಯ ಫಲಕಗಳಂತೂ ಮೊದಲಿನಿಂದ ಉಡಚವ್ವನ ಪಕ್ಷದಲ್ಲಿಯೇ ಮುಖ ಮಾಡಿ ನಿಂತಿವೆ. ಹಾಗಿದ್ದರೆ ಈ ನಿಯಮ ಬೇಕಾಗಿರುವುದು ಯಾರಿಗೆ?

ಈಗಿನ ಸ್ಥಿತಿ ಇಷ್ಟು. ಉಡಚವ್ವ ದಿನಾಲು ಬುಟ್ಟಿ ತಲೆಯ ಮೇಲೆ ಹೊತ್ತು ನಡೆಯುತ್ತಾಳೆ. ತಲೆಯ ಮೇಲೆ ಮೊದಲಿನ ಅರ್ಧದಷ್ಟು ರೊಟ್ಟಿಯೇ ಹಿಡಿಯುತ್ತದೆ. ಅದನ್ನು ಹೊತ್ತುಕೊಂಡು ನಿಮ್ಮ ಹೂವಿನ ಸೈಕಲ್ಲಿನ ಮುಂದೆಯೇ ಹಾದುಹೋಗಬೇಕು, ಬೇರೆ ದಾರಿಯಿಲ್ಲ. ಕ್ಯಾಂಟೀನಿನವರು ಒಳ್ಳೆಯವರೇ, ಆದರೂ ಕೂತ ಜನರಿಗೆ ಅರ್ಧ ಊಟ ಬಡಿಸಲು ಆಗುತ್ತದೆಯೇ? ಈ ತಿಂಗಳು ನೋಡುತ್ತೇವೆ, ಆಮೇಲೆ ಗಾಡಿ ಇರುವವರಿಗೆ ಕೊಡುತ್ತೇವೆ ಎಂದಿದ್ದಾರೆ. ಹೊಸ ಸೈಕಲ್ ಕೊಡಿಸುತ್ತೇನೆ ಎಂದು ನಾನು ಹೇಳಿ ನೋಡಿದೆ, ಸೌಮ್ಯಾಳೂ ಹೇಳಿದಳು. ಉಡಚವ್ವ ಒಪ್ಪಲಿಲ್ಲ. "ನಂದು ಅಲ್ಲೇ ಐತೆಲ್ಲಕ್ಕಾ, ಕಾಣಾಕತ್ತೈತೆಲ್ಲ. ಕಾಣಾಕತ್ತಿದ್ದ ಬಿಟ್ಟ ಹೊಸಾದ ಯಾಕ ತಗೊಳ್ಳಲಿ?" ಎಂದಳು. ಈ ಪ್ರಶ್ನೆಯನ್ನು ನಿಮ್ಮ ಮೇಜಿಗೇ ದಾಟಿಸುತ್ತಿದ್ದೇನೆ. ಉತ್ತರ ನೀವು ಕೊಡಿ.

ನಿಮ್ಮ ಬೋರ್ಡಿನಲ್ಲಿ 'ಮಧ್ಯಮ ಶ್ರಮ' ಎಂದಿದೆ. ಯಾರ ಶ್ರಮವನ್ನು ಅಳೆದು ಅದನ್ನು ಬರೆಸಿದಿರಿ? ನನ್ನ ಗೇರಿನ ಸೈಕಲ್ಲಿಗೆ, ಹಿಂದಿನ ದಿನ ತಿಂದ ಫೇಡೆಯನ್ನು ಇಳಿಸಿಕೊಳ್ಳಲು ಬಂದ ನನ್ನ ಮೈಗೆ, ಅದು ಮಧ್ಯಮವೇ. ಒಲೆಯ ಮುಂದಿನಿಂದ ಎದ್ದು ಬಂದು ಹೇರು ತಳ್ಳುವವಳಿಗೆ ಅದೇ ಏರು ಮಧ್ಯಮವಲ್ಲ. ಉದ್ಯಾನ ಮಾಡುವಾಗ ಹಳ್ಳ ನೋಡಿದಿರಿ, ಗಿಡ ನೋಡಿದಿರಿ, ನವಿಲನ್ನೂ ಲೆಕ್ಕ ಹಿಡಿದಿರಿ. ಆ ದಾರಿಯಲ್ಲಿ ದಿನವೂ ಸೈಕಲ್ ಹೊಡೆಯುತ್ತಿದ್ದ ಹೆಂಗಸು ನಿಮಗೆ ಸವಾರಳಾಗಿ ಕಾಣಲಿಲ್ಲ. ಸೈಕಲ್ ಸಂಸ್ಕೃತಿಯನ್ನು ಬೆಳೆಸುತ್ತೇವೆ ಎಂದು ಭಾಷಣ ಮಾಡಿದಿರಿ. ಬೆಳೆಸಿದ್ದು ಕಾಣುತ್ತಿದೆ, ದಿನಾ ನೀರು ಹಾಕುತ್ತಿದ್ದೀರಿ.

ನನ್ನ ಬೇಡಿಕೆ ಉದ್ದವಿಲ್ಲ. ಸೈಕಲ್ಲಿನ ಬಣ್ಣ ಕೆರೆಸಿ, ಚೈನು ತಿರುಗುವಂತೆ ಎಣ್ಣೆ ಹಾಕಿಸಿ, ಉಡಚವ್ವನ ಮನೆಗೆ ತಲುಪಿಸಿ. ಹಳ್ಳದ ಗುಂಟದ ದಾರಿಯನ್ನು ಎರಡೂ ಕಡೆಯಿಂದ ಬಿಡಿ, ಅದು ಯಾವಾಗಲೂ ಎರಡೂ ಕಡೆಯಿಂದ ಇತ್ತು. ಸೀಟಿ ಊದಿದ್ದಕ್ಕಾಗಲಿ ಊದದಿದ್ದಕ್ಕಾಗಲಿ ನವಾಜನ ನೌಕರಿಗೆ ಕೈ ಹಚ್ಚಬೇಡಿ. ಕ್ಯಾಂಟೀನಿನವರ ತಿಂಗಳು ಮುಗಿಯುವವರೆಗೆ ನಿಮಗೆ ಸಮಯವಿದೆ. ಮುಗಿಯುವ ಮುಂಚಿನ ರವಿವಾರ ನಾವು ಬರುತ್ತೇವೆ. ಸಾಲಿನಲ್ಲಿ ನಿಂತು, ಫೋಟೋದವರದೆಲ್ಲ ಮುಗಿದ ಮೇಲೆ ನಮ್ಮ ಪಾಳಿ ಬಂದಾಗ ಮುಂದೆ ಬರುತ್ತೇವೆ. ಉಡಚವ್ವ ಹೂವಿಗೆಂದು ತೊಳೆದ ಎಣ್ಣೆ ಡಬ್ಬಿ ತರುತ್ತಾಳೆ. ಒಂದು ಸಸಿಯೂ ಬಾಡದಂತೆ ತೆಗೆದು ನೆಟ್ಟುಕೊಡುತ್ತಾಳೆ, ಅದರ ಬಗ್ಗೆ ನಿಮಗೆ ಚಿಂತೆ ಬೇಡ. ನಾನು ಅಹಮದಸಾಬರ ಗ್ಯಾರೇಜಿನಿಂದ ನಟ್ಟು ಬಿಚ್ಚುವ ಪಾನಾ ತರುತ್ತೇನೆ. ಆಗ ಪೊಲೀಸರನ್ನು ಕರೆಸುವುದಿದ್ದರೆ ಕರೆಸಿ, ಆ ಸೈಕಲ್ ಯಾರದೆಂದು ಅವರೂ ಒಂದು ಸಲ ಕೇಳಲಿ.

ಒಂದು ವಿಷಯವನ್ನು ಮಾತ್ರ ಮುಂಚಿತವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಬಿಗಿದ ನಟ್ಟು ಬ್ರಹ್ಮ ಬಂದರೂ ಪ್ರದಕ್ಷಿಣೆ ಹಾಕಿದರೆ ಬಿಚ್ಚುವುದಿಲ್ಲ, ಇನ್ನೂ ಬಿಗಿಯುತ್ತದೆ. ಪಾನಾವನ್ನು ಅಪ್ರದಕ್ಷಿಣೆಯಾಗಿಯೇ ತಿರುಗಿಸಬೇಕು. ನಿಮ್ಮ ಉದ್ಯಾನದಲ್ಲಿ, ನಿಮ್ಮ ಬೋರ್ಡಿನ ಕೆಳಗೆ ನಿಂತು, ನಾನು ಹಾಗೆಯೇ ತಿರುಗಿಸುತ್ತೇನೆ.

ಇಂತಿ,
ಸಕ್ಕರೆ ಇಳಿದು ಪಿತ್ತ ಏರಿದ,
ನಿಮ್ಮ ವರ್ತುಲದ ಮಧ್ಯಮ ಶ್ರಮದ ಸವಾರಳು,
ಯಶೋಧರಾ
ಮಾಳಮಡ್ಡಿ, ಧಾರವಾಡ